ಪಿಸುಮಾತಿನ ಸಿನಿಮಾಕ್ಕೆ ಎರಡು ವಿಮರ್ಶೆ

ನವೆಂಬರ್ 6, ಗುರುವಾರ

ನಾಳೆಯಿಂದ ಚಿತ್ರೋತ್ಸವ. ಮೂವತ್ತೊಂದು ವರ್ಷ ಸಿನಿಮಾ ವಿಮರ್ಶೆ ಬರೆದವನಿಗೆ ಈ ಸಲ ಸಿಕ್ಕಿರುವುದು ಹಾಸ್ಯ ವಿಭಾಗ. ಅದೂ ಎಂಥ ಹಾಸ್ಯ! ಎಲ್ಲೋ ಕೆಲಸ ಮಾಡಿಕೊಂಡಿರುವವರು ರಜೆಯಲ್ಲಿ ಕ್ಯಾಮೆರಾ ತಂದು, ಅಕ್ಕ ತಂಗಿ ಚಿಕ್ಕಪ್ಪಂದಿರನ್ನೇ ನಟರನ್ನಾಗಿ ನಿಲ್ಲಿಸಿ ತೆಗೆದ ಚಿತ್ರವಿಚಿತ್ರ ಸಿನಿಮಾಗಳು. ದೊಡ್ಡ ನಿರ್ದೇಶಕರ ಮುಖ್ಯ ವಿಭಾಗ ಹೋದ ವರ್ಷ ಸೇರಿದ ಹುಡುಗಿಯ ಪಾಲಾಗಿದೆ.

"ಸಣ್ಣ ಸಿನಿಮಾಗಳಿಗೆ ದೊಡ್ಡವರ ಕಣ್ಣು ಬೇಕು ಸರ್" ಎಂದರು ಸಂಪಾದಕರು. ಇವರು ತರಬೇತಿಗೆ ಬಂದ ಹೊಸದರಲ್ಲಿ ಅಲ್ಪವಿರಾಮ ಎಲ್ಲಿ ಹಾಕಬೇಕೆಂದು ಹೇಳಿಕೊಟ್ಟವನು ನಾನೇ. ಆಮೇಲೂ ಏನೋ ಹೇಳಿದರು. ಮೇಜಿನ ಕಡೆ ಮುಖ ಹಾಕಿಕೊಂಡು ಹೇಳಿದ್ದರಿಂದ ತಿಳಿಯಲಿಲ್ಲ. ಈಗಿನವರಿಗೆ ಬಾಯಿಬಿಟ್ಟು ಮಾತಾಡುವ ಅಭ್ಯಾಸವೇ ತಪ್ಪಿಹೋಗಿದೆ. ಆಫೀಸು, ಬಸ್ಸು, ಬ್ಯಾಂಕು, ಎಲ್ಲಿ ಹೋದರೂ ಗಂಟಲೊಳಗೇ ಗೊಣಗುತ್ತಾರೆ. ಇದರ ಬಗ್ಗೆ ಒಂದು ಲೇಖನ ಬರೆಯಬೇಕು.

ಮನೆಯಲ್ಲೂ ಅದೇ. ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ "ರೀ, ಕಾಲು ಒಡೆದಿದೆ" ಎಂದಳು. "ಮುಲಾಮು ಹಚ್ಚಿ ಕಾಲುಚೀಲ ಹಾಕಿಕೋ" ಎಂದೆ. ಅವಳು ಹೊರಗೆ ಬಂದು ಒಡೆದ ಹಾಲಿನ ಪಾತ್ರೆಯನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಹಾಲು ಎಂದು ಬಿಡಿಸಿ ಹೇಳಿದ್ದರೆ ನನಗೇಕೆ ತಿಳಿಯುತ್ತಿರಲಿಲ್ಲ? ಅತ್ತೆಯವರು ಚಹಾ ನೆತ್ತಿಗೇರುವ ಹಾಗೆ ನಕ್ಕರು.

ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂರು ವಾರದಿಂದ ನಮ್ಮಲ್ಲಿದ್ದಾರೆ. ಅವರ ಮನೆಯ ನೀರಿನ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತಿದ್ದಾರಂತೆ. ಎಪ್ಪತ್ತೊಂಬತ್ತು ವಯಸ್ಸು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಹಳ ಕಾಲ ಆಪರೇಟರ್ ಆಗಿದ್ದವರು. ಈಗ ಎರಡೂ ಕಿವಿಗೆ ಮಿಷನ್. ಯಾರಾದರೂ ಹತ್ತಿರ ಬಂದರೆ ಅದು ಕುಂಯ್ ಎನ್ನುತ್ತದೆ. ಪಾಪ, ವಯಸ್ಸು ಯಾರನ್ನೂ ಬಿಡುವುದಿಲ್ಲ. ನನಗೆ ಅರವತ್ತಾಗಲು ಇನ್ನೂ ಎರಡು ವರ್ಷವಿದೆ.

ನವೆಂಬರ್ 7, ಶುಕ್ರವಾರ

ಹೆಂಡತಿಯ ಶಾಲೆಯಲ್ಲಿ ಇವತ್ತಿನಿಂದ ಒಂದು ವಾರ ತಪಾಸಣೆ. ಮುಖ್ಯೋಪಾಧ್ಯಾಯಿನಿಯಾದವಳು ಮನೆಯಲ್ಲಿ ಕೂರುವ ಹಾಗಿಲ್ಲ.

"ಅಮ್ಮನ್ನೂ ಕರೆದುಕೊಂಡು ಹೋಗಿ. ನಿಮ್ಮ ಹತ್ರ ಎರಡು ಪಾಸಿದೆ" ಎಂದಳು.

"ಚಿತ್ರೋತ್ಸವ ಅಂದರೆ ಹೊತ್ತು ಕಳೆಯೋ ಜಾಗ ಅಲ್ಲ."

"ಹಾಸ್ಯ ಸಿನಿಮಾ ತಾನೆ? ಒಬ್ಬರಾದರೂ ನಗೋರು ಪಕ್ಕದಲ್ಲಿರಲಿ."

ಇದು ನನ್ನ ಮೇಲಿನ ಹಳೆಯ ದೂರು. ವಿಮರ್ಶಕ ನಗಬಾರದು, ಹೊಟ್ಟೆ ಕುಲುಕಿದರೆ ಪೆನ್ನೂ ಕುಲುಕುತ್ತದೆ ಎಂಬುದು ನನ್ನ ನಿಯಮ. ಅವಳಿಗೆ ಇದು ಇನ್ನೂ ಅರ್ಥವಾಗಿಲ್ಲ.

ಅತ್ತೆ ಬಂದರು. ಕೈಚೀಲದಲ್ಲಿ ಬಿಸ್ಕತ್ತು, ನೀರು, ಮಿಷನ್ನಿಗೆ ಬೇಕಾದ ಸಣ್ಣ ಬ್ಯಾಟರಿಗಳು. ಮೊದಲನೆಯದು ವಿದೇಶಿ ಚಿತ್ರ. ಡ್ರೈವಿಂಗ್ ಶಾಲೆ ನಡೆಸುವವನಿಗೇ ಡ್ರೈವಿಂಗ್ ಬರುವುದಿಲ್ಲ. ಹದಿನೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತೇ ಊರಿಗೆಲ್ಲ ಕಲಿಸಿರುತ್ತಾನೆ. ಕೆಳಗೆ ಅಕ್ಷರಗಳಲ್ಲಿ ಸಂಭಾಷಣೆ ಬರುತ್ತಿತ್ತು. ಎಂಥ ಹರಿತವಾದ ಮಾತುಗಳು! ನಾಲ್ಕು ನಕ್ಷತ್ರ ಕೊಟ್ಟೆ.

ಎರಡನೆಯದು ನಮ್ಮ ಭಾಷೆಯದೇ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಗೋಡೆ ಸ್ನಾನದ ತೊಟ್ಟಿಯ ನಡುವೆಯೇ ಬಂದುಬಿಡುತ್ತದೆ. ಕಲ್ಪನೆ ಚೆನ್ನಾಗಿದೆ, ಆದರೆ ನಟರಿಗೆ ಉಚ್ಚಾರಣೆಯೇ ಇಲ್ಲ. ಅರ್ಧ ಮಾತು ನುಂಗುತ್ತಾರೆ. "ಸಂಭಾಷಣೆ ಅಸ್ಪಷ್ಟ" ಎಂದು ಬರೆದೆ. ಎರಡು ನಕ್ಷತ್ರ. ಅತ್ತೆಯವರು ಮಾತ್ರ ಕಣ್ಣೊರೆಸಿಕೊಂಡು ನಗುತ್ತಿದ್ದರು. ನಗಲು ಅವರಿಗೆ ಕಾರಣವೇ ಬೇಕಿಲ್ಲ.

ನವೆಂಬರ್ 8, ಶನಿವಾರ

ಛತ್ರಿ ರಿಪೇರಿ ಮಾಡುವವನ ಕತೆ. ಮಾತೇ ಇಲ್ಲ. ಬೀಳುತ್ತಾನೆ, ಏಳುತ್ತಾನೆ, ಛತ್ರಿ ಅವನನ್ನು ಎಳೆದುಕೊಂಡು ಓಡುತ್ತದೆ. ನಾಲ್ಕೂವರೆ ನಕ್ಷತ್ರ.

ನವೆಂಬರ್ 9, ಭಾನುವಾರ

ಇವತ್ತು ನೋಡಿದ್ದು ಈ ಉತ್ಸವದ ಅತಿ ದುರ್ಬಲ ಚಿತ್ರ. ಹೆಸರು 'ಅಜ್ಜ ಮಲಗಿದ್ದಾರೆ'. ನಿರ್ದೇಶಕಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್ ಅಂತೆ. ನಾಲ್ಕು ವರ್ಷ ರಜೆ ಉಳಿಸಿ ಉಳಿಸಿ ತೆಗೆದಿದ್ದಾರಂತೆ.

ಒಂದೇ ಕೋಣೆ. ಮಂಚದ ಮೇಲೆ ಒಬ್ಬ ಮುದುಕ. ಸುತ್ತ ಇಡೀ ಸಂಸಾರ. ಒಂದೂವರೆ ಗಂಟೆ ಎಲ್ಲರೂ ತುಟಿ ಅಲ್ಲಾಡಿಸುತ್ತಾರೆ, ಕೈ ತಿರುಗಿಸುತ್ತಾರೆ, ಕಣ್ಣು ಬಿಡುತ್ತಾರೆ. ಒಂದು ಶಬ್ದವಿಲ್ಲ. ನಿರ್ದೇಶಕಿ ಧ್ವನಿ ಸೇರಿಸುವುದನ್ನೇ ಮರೆತರೋ, ಇದೂ ಒಂದು ಪ್ರಯೋಗವೋ! 'ಮಲಗಿದ್ದಾರೆ' ಎಂದರೆ 'ತೀರಿಕೊಂಡಿದ್ದಾರೆ' ಎಂಬ ಸೂಚನೆ ನನಗೆ ಹತ್ತನೇ ನಿಮಿಷಕ್ಕೇ ಹೊಳೆಯಿತು. ಹಾಲ್ ತುಂಬ ಜನ ಬಿದ್ದು ಬಿದ್ದು ನಗುತ್ತಿದ್ದರು. ನಿರ್ದೇಶಕಿಯ ನೆಂಟರಿಷ್ಟರೇ ಇರಬೇಕು. ಹೆಣದ ಮುಂದೆ ಹೀಗೆ ನಗುವುದೇ?

ಬಸ್ಸಿನಲ್ಲಿ ಅತ್ತೆ ಸಿನಿಮಾದ ಬಗ್ಗೆ ಏನೇನೋ ಹೇಳಿಕೊಂಡು ನಗುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. "ಹೂಂ ಹೂಂ" ಎಂದೆ. ಅವರು ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು.

ಬರೆದು ಕಳಿಸಿದ್ದರಲ್ಲಿ ಎರಡು ಸಾಲು ಇಲ್ಲಿಯೂ ಇರಲಿ, ಚೆನ್ನಾಗಿ ಬಂದಿವೆ: "ಇಡೀ ಚಿತ್ರದಲ್ಲಿ ಸಹಜವಾಗಿ ಅಭಿನಯಿಸಿರುವುದು ಹೆಣದ ಪಾತ್ರಧಾರಿ ಒಬ್ಬರೇ. ಕೊನೆಯಲ್ಲಿ ಆ ಹೆಣವೂ ಎದ್ದು ಕೂರುತ್ತದೆ. ಬಹುಶಃ ಅದಕ್ಕೂ ಬೇಸರವಾಗಿರಬೇಕು." ಒಂದು ನಕ್ಷತ್ರ.

ನವೆಂಬರ್ 10, ಸೋಮವಾರ

ಅತ್ತೆ ಬೆಳಿಗ್ಗೆ ಪತ್ರಿಕೆ ಓದಿದರು. ಓದಿ ಮಡಿಸಿದರು. ಮತ್ತೆ ಬಿಚ್ಚಿ ಓದಿದರು.

"ಅಳಿಯಂದಿರೇ, ಸಿನಿಮಾ ಪೂರ್ತಿ ನೋಡಿದ್ರಾ?"

"ಕಣ್ಣು ಮಿಟುಕಿಸದೆ ನೋಡಿದೆ."

"ನೋಡಿದ್ರಿ, ಸರಿ" ಎಂದು ಎದ್ದು ಹೋದರು.

ಚಿತ್ರೋತ್ಸವದ ಅಂಗಳದಲ್ಲಿ ಇವತ್ತು ಜನ ನನ್ನನ್ನು ನೋಡಿ ತಂತಮ್ಮಲ್ಲೇ ಮಾತಾಡಿಕೊಂಡರು. ವಿಮರ್ಶೆ ಕೆಲಸ ಮಾಡಿದೆ ಎಂದುಕೊಂಡೆ. ಸಂಜೆ ಸೂಚನಾ ಫಲಕದ ಮುಂದೆ ನಿಂತಾಗ ಕಣ್ಣಿಗೆ ಬಿತ್ತು: ಶನಿವಾರ ದೊಡ್ಡ ಹಾಲಿನಲ್ಲಿ ಇರಬೇಕಿದ್ದ 'ಅಜ್ಜ ಮಲಗಿದ್ದಾರೆ' ಎರಡನೇ ಪ್ರದರ್ಶನವನ್ನು ಬೆಳಿಗ್ಗೆ ಒಂಬತ್ತಕ್ಕೆ, ನಲವತ್ತು ಕುರ್ಚಿಯ ಮೂರನೇ ಹಾಲಿಗೆ ತಳ್ಳಿದ್ದಾರೆ.

ನವೆಂಬರ್ 11, ಮಂಗಳವಾರ

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಬರೆಯದೆ ಕೂತಿರಲು ಆಗುತ್ತಿಲ್ಲ.

ಮಧ್ಯಾಹ್ನ ಅತ್ತೆಯವರೂ ನಾನೂ ಕ್ಯಾಂಟೀನಿನ ಕಿಟಕಿಯ ಪಕ್ಕ ಚಹಾ ಕುಡಿಯುತ್ತಿದ್ದೆವು. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮಡಿಸಿದ ಪತ್ರಿಕೆ ಹಿಡಿದು ಎದುರಿಗೆ ನಿಂತಳು. ಆಸ್ಪತ್ರೆಯಿಂದ ನೇರವಾಗಿ ಬಂದಿರಬೇಕು, ಕಾಲಿನಲ್ಲಿ ಬಿಳಿ ಷೂ ಇತ್ತು.

"ಸರ್, ನಾನು 'ಅಜ್ಜ ಮಲಗಿದ್ದಾರೆ' ನಿರ್ದೇಶಕಿ. ಜಗಳಕ್ಕೆ ಬಂದಿಲ್ಲ. ಒಂದೇ ಒಂದು ಕೇಳಬೇಕಿತ್ತು. ಯಾವ ಮಾತು ನಿಮಗೆ ಹಿಡಿಸಲಿಲ್ಲ?"

"ಮಾತು ಇದ್ದರೆ ತಾನೆ ಹಿಡಿಸೋದು, ಬಿಡೋದು!" ಎಂದೆ.

ಅವಳು ಅತ್ತೆಯವರ ಮುಖ ನೋಡಿದಳು. ಅತ್ತೆ ಲೋಟದೊಳಗೆ ನೋಡಿದರು. "ಒಂದು ನಿಮಿಷ ಸರ್" ಎಂದು ಅವಳು ನನಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ನಿಂತಳು. ಏನು ನಾಟಕವಪ್ಪ ಇದು ಎಂದು ನಾನು ಚಹಾ ಮುಗಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ನನ್ನ ಕಡೆ ತಿರುಗಿದಳು.

"ನಾನೀಗ ಏನು ಕೇಳಿದೆ ಸರ್?"

"ಏನೂ ಕೇಳಲಿಲ್ಲವಲ್ಲ."

"ಮೂರು ಸಲ ಕೇಳಿದೆ" ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಒಳ್ಳೆಯದಿತ್ತು. "ನಮ್ಮ ವಾರ್ಡಿಗೆ ಬರೋ ಮಕ್ಕಳ ಕಿವಿ ಹೀಗೇ ನೋಡ್ತೀವಿ, ಸರ್. ಆ ಸಿನಿಮಾ ತುಂಬ ಮಾತೇ ಇದೆ. ಎಲ್ಲಾ ಪಿಸುಮಾತು. ಅಜ್ಜ ಸತ್ತಿಲ್ಲ. ಹನ್ನೊಂದು ದಿನದಿಂದ ನಿದ್ದೆಯಿಲ್ಲದವರಿಗೆ ಅವತ್ತು ನಿದ್ದೆ ಹತ್ತಿರುತ್ತೆ. ಎಚ್ಚರ ಆಗಬಾರದು ಅಂತ ಇಡೀ ಮನೆ ಪಿಸುಗುಡುತ್ತೆ. ಅದೇ ಕತೆ."

ಕಿವಿ ಕೆಂಪಾಗುವುದು ಎನ್ನುತ್ತಾರಲ್ಲ, ನನಗೆ ಇಡೀ ತಲೆಯೇ ಕಾದುಹೋಯಿತು. ಎದ್ದೆ. "ನಿಮ್ಮ ಹಾಲಿನ ಸ್ಪೀಕರ್ ಸರಿಯಿರಲಿಲ್ಲ" ಎಂದು ಹೇಳಿ ಹೊರಟೇಬಿಟ್ಟೆ. ಹಿಂದಿನಿಂದ ಅವಳು ಇನ್ನೇನೋ ಹೇಳುತ್ತಿದ್ದಳು. ಕೇಳಿಸಿತೆಂದು ಬರೆದರೆ ಸುಳ್ಳಾಗುತ್ತದೆ.

ಅತ್ತೆಯವರನ್ನು ಬಿಟ್ಟು ಬಂದೆನೆಂದು ನೆನಪಾದದ್ದು ಬಸ್‌ಸ್ಟಾಪಿನಲ್ಲಿ. ತಿರುಗಿ ಹೋದೆ. ಅವರು ಆ ನರ್ಸಿನ ಜೊತೆ ಬಿಸ್ಕತ್ತು ತಿನ್ನುತ್ತ ಕೂತಿದ್ದರು.

ಮನೆಯ ಗೇಟು ತೆಗೆಯುವಾಗ ಅತ್ತೆ ಎದುರಿಗೆ ಬಂದು ನಿಂತು, ಬಿಡಿಸಿ ಬಿಡಿಸಿ ಹೇಳಿದರು: "ಆ ಅಜ್ಜ ಅವಳ ಸ್ವಂತ ಅಪ್ಪ. ಹೆಣ ಅಂತ ಪೇಪರಲ್ಲಿ ಓದಿದಾಗಿನಿಂದ ಮನೆಯಿಂದ ಹೊರಗೇ ಬಂದಿಲ್ಲವಂತೆ."

ನವೆಂಬರ್ 12, ಬುಧವಾರ

ನೆಗಡಿ ಎಂದು ಆಫೀಸಿಗೆ ಸುಳ್ಳು ಹೇಳಿದೆ. ಹೆಂಡತಿ ಶಾಲೆಗೆ ಹೋದ ಮೇಲೆ ಕಪಾಟಿನಿಂದ ಹಳೆಯ ಕಡತಗಳನ್ನು ಇಳಿಸಿದೆ. ನನ್ನ ಬರಹಗಳನ್ನೆಲ್ಲ ಕತ್ತರಿಸಿ ಅಂಟಿಸಿಟ್ಟಿದ್ದೇನೆ, ವರ್ಷಕ್ಕೊಂದು ಕಡತ. ಈಚಿನ ಮೂರು ವರ್ಷದವನ್ನು ನೆಲದ ಮೇಲೆ ಹರಡಿಕೊಂಡು ಕೂತೆ.

ಹೊಗಳಿದ್ದೆಲ್ಲ ಒಂದೋ ಕೆಳಗೆ ಅಕ್ಷರವಿದ್ದ ಪರಭಾಷೆಯ ಚಿತ್ರ, ಇಲ್ಲವೋ ಓಡುವ, ಬೀಳುವ, ಹೊಡೆದಾಡುವ ಚಿತ್ರ. ತೆಗಳಿದ್ದರಲ್ಲಿ ಒಂದೇ ರಾಗ. "ಸಂಭಾಷಣೆ ಅಸ್ಪಷ್ಟ." "ನಟರು ಮಾತು ನುಂಗುತ್ತಾರೆ." "ಧ್ವನಿಮುದ್ರಣ ಕಳಪೆ." ಎಣಿಸಿದೆ. ನಲವತ್ತಾರು ಸಲ ಬರೆದಿದ್ದೇನೆ. ಅದಕ್ಕೂ ಹಿಂದಿನ ಐದು ವರ್ಷದಲ್ಲಿ ಬರೆದದ್ದು ಎರಡೇ ಸಲ.

ಅತ್ತೆ ಬಂದು ಪಕ್ಕದ ಬೆತ್ತದ ಮೋಡಾದಲ್ಲಿ ಕೂತರು. ಕಡತ ನೋಡಿದರು. ಅವರಿಗೇ ಏನೋ ನೆನಪಾದವರ ಹಾಗೆ ಶುರುಮಾಡಿದರು. ಇವತ್ತು ಅವರ ಮಾತು ಪೂರ್ತಿ ತಿಳಿಯಿತು, ನನ್ನ ಎದುರಿಗೇ ಕೂತು ಹೇಳುತ್ತಿದ್ದರಲ್ಲ.

"ಐವತ್ತೆರಡು ತುಂಬೋ ಹೊತ್ತಿಗೆ ನನಗೆ ಎಡಗಿವಿ ಹೋಗಿತ್ತು. ಆಪರೇಟರಿಗೆ ಕಿವಿ ಹೋದರೆ ಇನ್ನೇನುಳೀತು? ಎರಡು ವರ್ಷ ಮುಚ್ಚಿಟ್ಟೆ. ಹೆಡ್‌ಫೋನ್ ಬಲಕ್ಕೆ ಹಾಕ್ಕೊಂಡೆ, ಲೈನು ಸರಿಯಿಲ್ಲ ಅಂತ ಎಲ್ಲರ ಮೇಲೂ ರೇಗಿದೆ. ಒಂದಿನ ಬೆಳಿಗ್ಗೆ ಯಾರೋ ಗಂಡಸು, 'ಬೇಗ, ಬೇಗ, ಡಾಕ್ಟರಿಗೆ ಕೊಡಿ' ಅಂತ ಕೂಗಿದ. ನನಗೆ ಕೇಳಿಸಿದ್ದು ಟ್ರಾಕ್ಟರ್. ಟ್ರಾಕ್ಟರ್ ಷೆಡ್ಡಿಗೆ ಲೈನು ಕೊಟ್ಟೆ."

"ಆಮೇಲೆ?"

"ಹೆಂಡತಿಗೆ ಹೆರಿಗೆ ನೋವು. ಷೆಡ್ಡಿನವನು ಪುಣ್ಯಾತ್ಮ, ಫೋನಿಡದೆ ವಿಷಯ ಕೇಳಿ ಟ್ರಾಕ್ಟರನ್ನೇ ತಗೊಂಡು ಹೋದ. ಆಸ್ಪತ್ರೆ ಬಾಗಿಲಿಗೆ ಟ್ರಾಕ್ಟರಲ್ಲೇ ಇಳಿಸಿದ. ಹೆಣ್ಣು ಮಗು ಆಯಿತು." ಅತ್ತೆ ನಕ್ಕರು. ಆಮೇಲೆ ನಗು ನಿಲ್ಲಿಸಿದರು. "ಎಲ್ಲರೂ ತಮಾಷೆ ಮಾಡಿದರು. ನನಗೆ ಮಾತ್ರ ತಮಾಷೆ ಅನ್ನಿಸಲಿಲ್ಲ. ಅವನ ಜಾಗದಲ್ಲಿ ಬೇರೆಯವನು ಇದ್ದಿದ್ರೆ? ಮಾರನೇ ದಿನ ಸೂಪರ್‌ವೈಸರ್ ಹತ್ರ ಹೋಗಿ ನನಗೆ ಕಿವಿ ಕೇಳಲ್ಲ ಅಂದೆ. ಬಾಯಲ್ಲಿ ಅಷ್ಟು ಹೇಳೋಕೆ ಎರಡು ವರ್ಷ ಬೇಕಾಯಿತು ನೋಡಿ."

"ಕೆಲಸದಿಂದ ತೆಗೆದರಾ?"

"ಬಿಲ್ಲಿಂಗಿಗೆ ಹಾಕಿದರು. ಅಳುತ್ತ ಹೋದೆ. ಅಲ್ಲಿ ಮಧ್ಯಾಹ್ನ ಮಲಗಬಹುದಿತ್ತು."

ನನಗೂ ನಗು ಬಂತು, ಸ್ವಲ್ಪ. ಕಡತಗಳನ್ನು ಮೇಲಿಡುವಾಗ ಸ್ಟೂಲನ್ನು ಅವರೇ ಹಿಡಿದುಕೊಂಡರು.

ನವೆಂಬರ್ 13, ಗುರುವಾರ

ಬೆಳಿಗ್ಗೆ ಕಿವಿ ಪರೀಕ್ಷೆಗೆ ಹೋದೆ. ಅತ್ತೆ ಜೊತೆಗೆ ಬಂದರು. ಹೆಂಡತಿಗೂ ಹೇಳೇ ಹೋದೆ. ಅವಳು ನನ್ನ ಅಂಗಿಯ ಕಾಲರ್ ಸರಿಮಾಡಿದಳು. ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂದಾಯಿತು.

ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಪರೀಕ್ಷೆ ಮಾಡುವವಳು ಗಾಜಿನ ಆಚೆ. ಟಿಕ್ ಎಂಬ ಸದ್ದು ಬಂದಾಗಲೆಲ್ಲ ಗುಂಡಿ ಒತ್ತಬೇಕು. ನಾನು ಚುರುಕಾಗಿ ಒತ್ತಿದೆ. ಒತ್ತುತ್ತಲೇ ಹೋದೆ. ಅವಳು ಬಾಗಿಲು ತೆಗೆದು ಒಳಗೆ ಬಂದಳು.

"ಸರ್, ನಾನಿನ್ನೂ ಶುರುವೇ ಮಾಡಿಲ್ಲ."

ಗಾಜಿನಾಚೆ ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು.

ಎರಡನೇ ಸಲ ಪ್ರಾಮಾಣಿಕವಾಗಿ ಒತ್ತಿದೆ. ಬಹಳ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ಎರಡೂ ಕಿವಿಯಲ್ಲಿ ಸಣ್ಣ ಸದ್ದುಗಳು ಹೋಗಿವೆಯಂತೆ. ಗುಡುಗು, ಹಾರ್ನ್, ಜಗಳ ಕೇಳಿಸುತ್ತದೆ. ಪಿಸುಮಾತು ಕೇಳಿಸುವುದಿಲ್ಲ. "ಎರಡು ವಾರ ಹಾಕಿಕೊಂಡು ನೋಡಿ" ಎಂದು ಒಂದು ಜೊತೆ ಮಿಷನ್ ಕೊಟ್ಟರು.

ಹೊರಗೆ ಬಂದರೆ ಲೋಕವೆಲ್ಲ ತಗಡಿನಲ್ಲಿ ಮಾಡಿದ ಹಾಗೆ. ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಯೇ? ಪತ್ರಿಕೆಯ ಹಾಳೆ ತಿರುವಿದರೆ ಮರ ಮುರಿದ ಹಾಗೆ. ಅತ್ತೆ ಹತ್ತಿರ ಬಂದು ಏನೋ ಹೇಳಲು ಬಾಗಿದರು. ಅವರದ್ದು ಕುಂಯ್ ಎಂದಿತು. ನನ್ನದೂ ಕುಂಯ್ ಎಂದಿತು.

"ಮಾತಾಡಿಸ್ತಾ ಇವೆ" ಎಂದರು ಅತ್ತೆ.

ಅಲ್ಲಿಂದ ನೇರವಾಗಿ ಆಫೀಸಿಗೆ. ಸಂಪಾದಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು.

"ಹೆಣದ ವಿಷಯಕ್ಕೆ ಆಗಲೇ ಹದಿನೇಳು ಪತ್ರ ಬಂದಿದೆ ಸರ್. ಹೇಗೆ ತೇಪೆ ಹಾಕೋದು ಅಂತ ನಾನೂ ಯೋಚನೆ ಮಾಡ್ತಿದ್ದೆ. 'ಕಣ್ತಪ್ಪಿನಿಂದ' ಅಂತ ಎರಡು ಸಾಲು ಹಾಕೋಣ."

"ಕಣ್ಣು ತಪ್ಪಿಲ್ಲ, ಕಿವಿ ತಪ್ಪಿದ್ದು. ನಡೆದದ್ದನ್ನೆಲ್ಲ ನಾನೇ ಬರೀತೀನಿ. ಮೊದಲ ವಿಮರ್ಶೆ ಬಂದ ಜಾಗದಲ್ಲೇ, ಅಷ್ಟೇ ಉದ್ದಕ್ಕೆ ಹಾಕಿ."

"ಬೇಡ ಸರ್. ನಿಮ್ಮ ಹೆಸರಿಗೆ ಮೂವತ್ತು ವರ್ಷದ ತೂಕ ಇದೆ. ನಾಳೆಯಿಂದ ನೀವು ಏನು ಬರೆದರೂ, ಇವರಿಗೆ ಕೇಳಿಸಿತ್ತಾ ಅಂತ ಜನ ಕೇಳ್ತಾರೆ."

"ಕೇಳಲಿ ಬಿಡಿ. ಈಗ ಕೇಳಿದ್ದು ನನಗೆ ಕೇಳಿಸುತ್ತೆ."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೆಲಸ ಹೋಯಿತು ಎಂದೇ ಲೆಕ್ಕ ಹಾಕಿದೆ. ಆಮೇಲೆ ಮೇಜಿನ ಕಡೆ ಮುಖ ಹಾಕಿ ಮೆಲ್ಲಗೆ, "ಕಾಮಾ ಸರಿಯಾಗಿ ಹಾಕಿ ಕಳಿಸಿ" ಎಂದರು. ಒಂದಕ್ಷರ ಬಿಡದೆ ಕೇಳಿಸಿತು.

ನವೆಂಬರ್ 14, ಶುಕ್ರವಾರ

ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಇಲ್ಲಿ ಅಂಟಿಸುತ್ತಿದ್ದೇನೆ.

"ಸೋಮವಾರ ಇದೇ ಜಾಗದಲ್ಲಿ 'ಅಜ್ಜ ಮಲಗಿದ್ದಾರೆ' ಚಿತ್ರದ ಬಗ್ಗೆ ಬರೆದಿದ್ದೆ. ಅದು ನಾನು ನೋಡಿದ, ಆದರೆ ಕೇಳದ ಚಿತ್ರ. ಚಿತ್ರದಲ್ಲಿ ಎಲ್ಲರೂ ಪಿಸುಮಾತಿನಲ್ಲಿ ಮಾತಾಡುತ್ತಾರೆ. ನನಗೆ ಪಿಸುಮಾತು ಕೇಳಿಸುವುದಿಲ್ಲ. ಮೂರು ವರ್ಷದಿಂದ ಕೇಳಿಸುತ್ತಿಲ್ಲವೆಂದು ನನಗೆ ಗೊತ್ತಾದದ್ದು ಈ ವಾರ. ಗೊತ್ತುಮಾಡಿಕೊಳ್ಳಲು ಇಷ್ಟವಿರಲಿಲ್ಲ ಎನ್ನುವುದು ಹೆಚ್ಚು ಸರಿ. ಮಲಗಿದ್ದ ಹಿರಿಯರನ್ನು ಹೆಣವೆಂದು ಕರೆದೆ. ಅವರಲ್ಲಿ ಕ್ಷಮೆ ಕೇಳುತ್ತೇನೆ. ಹಾಲ್ ತುಂಬ ನಕ್ಕ ಜನರನ್ನು ನಿರ್ದೇಶಕಿಯ ನೆಂಟರೆಂದು ಮನಸ್ಸಿನಲ್ಲೇ ತಳ್ಳಿಹಾಕಿದ್ದೆ. ಅವರಿಗೆ ಕೇಳಿಸುತ್ತಿತ್ತು, ಅದಕ್ಕೇ ನಕ್ಕರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೂರನೇ ಹಾಲಿನಲ್ಲಿ ಈ ಚಿತ್ರವನ್ನು ಶ್ರವಣಯಂತ್ರ ಹಾಕಿಕೊಂಡು ನೋಡಲಿದ್ದೇನೆ. ಈಚಿನ ವರ್ಷಗಳಲ್ಲಿ 'ಸಂಭಾಷಣೆ ಅಸ್ಪಷ್ಟ' ಎಂದು ನಾನು ಬರೆದ ನಲವತ್ತಾರು ಚಿತ್ರಗಳ ಪಟ್ಟಿ ಕೆಳಗಿದೆ. ಅವುಗಳಲ್ಲಿ ಕೆಲವಾದರೂ ನಿರಪರಾಧಿಗಳು."

ಫೋನ್ ನಿಲ್ಲಲೇ ಇಲ್ಲ. ಒಬ್ಬರು, ಇಷ್ಟು ದಿನ ಕಿವುಡನ ಮಾತು ಕೇಳಿ ಟಿಕೆಟ್ ಕೊಂಡೆವಲ್ಲ ಎಂದು ಬೈದರು. ಬೈದದ್ದು ಸ್ಪಷ್ಟವಾಗಿತ್ತು. ಇನ್ನೊಬ್ಬ ಹೆಂಗಸು, ಆ ಮಿಷನ್ ಎಲ್ಲಿ ಸಿಗುತ್ತದೆ, ನಮ್ಮ ಯಜಮಾನರೂ ಹೀಗೇ ಎಂದರು. ಹಿಂದಿನಿಂದ ಯಜಮಾನರು "ಯಾರದು? ಯಾರದು?" ಎನ್ನುತ್ತಿದ್ದರು.

ನವೆಂಬರ್ 15, ಶನಿವಾರ

ಎಂಟೂವರೆಗೇ ಮೂರನೇ ಹಾಲಿನ ಮುಂದೆ ಸಾಲು. ನಲವತ್ತು ಕುರ್ಚಿಗೆ ನೂರಕ್ಕೂ ಮೇಲೆ ಜನ. ವ್ಯವಸ್ಥಾಪಕರು ತಲೆ ಕೆರೆದುಕೊಂಡು ಕೊನೆಗೆ ದೊಡ್ಡ ಹಾಲಿನ ಬಾಗಿಲು ತೆಗೆದರು. ಹೆಂಡತಿ ಕೂಡ ಬಂದಳು, ತಪಾಸಣೆ ಮುಗಿದಿತ್ತು.

ಬಾಗಿಲಲ್ಲಿ ನಿರ್ದೇಶಕಿ ತನ್ನ ಅಪ್ಪನನ್ನು ಕೈಹಿಡಿದು ನಿಲ್ಲಿಸಿಕೊಂಡಿದ್ದಳು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ. ತೆರೆಯ ಮೇಲಿನ ಮುಖವೇ, ಆದರೆ ಕಣ್ಣು ಬಿಟ್ಟಿತ್ತು. ನಾನು ಹೋಗಿ ಕೈಮುಗಿದೆ. ಕ್ಷಮಿಸಿ ಎನ್ನಲು ಬಾಯಿ ತೆರೆದೆ.

ಅವರು ಮುಂಚೆಯೇ ಕೇಳಿದರು: "ಉಸಿರಾಡ್ತಾ ಇದ್ದೆನಲ್ಲ ಸ್ವಾಮಿ, ಹೊಟ್ಟೆ ಮೇಲೆ ಕೆಳಗೆ ಆಗೋದು ಕಾಣಲಿಲ್ಲವಾ?"

"ಹೊದಿಕೆ ದಪ್ಪ ಇತ್ತು" ಎಂದೆ.

ಅವರು ಮಗಳ ಕಡೆ ತಿರುಗಿದರು. "ಅವತ್ತೇ ಹೇಳಿದೆ ನಿನಗೆ, ತೆಳ್ಳಗಿನದು ಹಾಕು ಅಂತ." ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಅಭಿನಯ ಸಹಜವಾಗಿದೆ ಅಂತ ಬರೆದಿದ್ರಿ. ಅದನ್ನ ವಾಪಸ್ ತಗೊಳ್ಳಬೇಡಿ" ಎಂದರು.

ಸಿನಿಮಾ ಶುರುವಾಯಿತು. ಆರು ದಿನದ ಹಿಂದೆ ನಾನು ನೋಡಿದ್ದ ಸಿನಿಮಾವೇ ಅಲ್ಲ ಇದು. ದೊಡ್ಡ ಸೊಸೆಯೂ ಅವಳ ಅತ್ತೆಯೂ ಹನ್ನೊಂದು ವರ್ಷದ ಜಗಳವನ್ನು ಪಿಸುಮಾತಿನಲ್ಲೇ ತೀರಿಸಿಕೊಳ್ಳುತ್ತಾರೆ. ಬೈಗುಳ ಸರಿಯಾಗಿ ಕೇಳಿಸಲೆಂದು ಇಬ್ಬರೂ ಹತ್ತಿರ ಹತ್ತಿರ ಬಾಗಿ, ಕೊನೆಗೆ ದೂರದಿಂದ ನೋಡಿದವರಿಗೆ ತಬ್ಬಿಕೊಂಡ ಹಾಗೆ ಕಾಣುತ್ತಾರೆ. ಪಕ್ಕದ ಮನೆಯ ಹುಡುಗ ಅಜ್ಜನ ಮೊಮ್ಮಗಳಿಗೆ ನಿನ್ನನ್ನೇ ಮದುವೆಯಾಗುತ್ತೇನೆ ಎಂದು ಅವಳ ಕಿವಿಯಲ್ಲಿ ಹೇಳಲು ಹೋಗಿ, ಕತ್ತಲಲ್ಲಿ ಅವಳ ಚಿಕ್ಕಪ್ಪನ ಕಿವಿಯಲ್ಲಿ ಹೇಳುತ್ತಾನೆ. ಚಿಕ್ಕಪ್ಪ ಪಿಸುಗುಡುತ್ತಾನೆ: "ನನಗೆ ಯೋಚನೆ ಮಾಡೋಕೆ ಸ್ವಲ್ಪ ಸಮಯ ಕೊಡಪ್ಪ." ಅಣ್ಣ ತಮ್ಮನಿಗೆ, "ಇನ್ನು ಮೇಲೆ ನಿನ್ನ ಮುಖ ನೋಡಲ್ಲ" ಎನ್ನುತ್ತಾನೆ. ತಮ್ಮ, "ಇನ್ನೂ ಮೆಲ್ಲಗೆ ಹೇಳು, ನನಗೂ ಕೇಳಿಸದ ಹಾಗೆ ಹೇಳು" ಎನ್ನುತ್ತಾನೆ. ಯಾರೋ ಬಿಸ್ಕತ್ತು ಕಡಿದ ಸದ್ದಿಗೆ ಇಡೀ ಮನೆ ನಡುಗುತ್ತದೆ.

ಹಾಲಿನಲ್ಲಿ ಯಾರೋ ತಗಡಿನ ಡಬ್ಬ ನೆಲದ ಮೇಲೆ ಎಳೆದಂತೆ ನಗುತ್ತಿದ್ದರು. ಮುಂದಿನ ಸಾಲಿನವರು ತಿರುಗಿ ಸುಮ್ಮನಿರಿ ಎಂದು ಬೆರಳು ತೋರಿಸಿದರು. ಎಂಥ ಅಸಹ್ಯ ನಗು, ಯಾರಪ್ಪ ಇದು ಎಂದು ನಾನೂ ಸುತ್ತ ನೋಡಿದೆ. ಅತ್ತೆ ಮೊಣಕೈಯಿಂದ ತಿವಿದರು.

"ನೀವೇ" ಎಂದರು.

ಕೊನೆಗೆ ಅಜ್ಜ ಎದ್ದು ಕೂರುತ್ತಾರೆ. ಇಡೀ ಸಿನಿಮಾದಲ್ಲಿ ಗಟ್ಟಿಯಾಗಿ ಮಾತಾಡುವುದು ಅವರೊಬ್ಬರೇ. ಹೋದ ಭಾನುವಾರ ಅದೂ ಜನರ ನಗು, ಚಪ್ಪಾಳೆಯಲ್ಲಿ ಮುಳುಗಿಹೋಗಿತ್ತು. "ನಾನು ಮಲಗಿದ್ದು ಮೊದಲ ಹತ್ತು ನಿಮಿಷ ಅಷ್ಟೆ. ಆಮೇಲೆ ಕೇಳ್ತಾ ಬಿದ್ದಿದ್ದೆ. ಇಷ್ಟು ವರ್ಷದಲ್ಲಿ ನೀವು ಒಬ್ಬರ ಮಾತು ಒಬ್ಬರು ಕೇಳಿದ್ದು ಇವತ್ತೇ. ಇನ್ನರ್ಧ ಗಂಟೆ ಮಲಗಿರ್ಲಾ?"

ದೀಪ ಹತ್ತಿದಾಗ ನನ್ನ ನೋಟ್‌ಬುಕ್ಕಿನಲ್ಲಿ ಒಂದಕ್ಷರವೂ ಇರಲಿಲ್ಲ. ಬರೆಯುವುದೇ ಮರೆತಿತ್ತು. ಹೆಂಡತಿ ಕರವಸ್ತ್ರ ಕೊಟ್ಟಳು. ವಿಮರ್ಶೆಯನ್ನು ನೆನಪಿನಿಂದಲೇ ಬರೆದು ಕಳಿಸಿದೆ. ನಕ್ಷತ್ರ ಕೊಡಲಿಲ್ಲ. ಒಂದು ಕೊಟ್ಟ ಕೈಯಿಂದ ಐದು ಕೊಟ್ಟರೆ ಲಂಚದಂತೆ ಕಾಣುತ್ತದೆ.

ನವೆಂಬರ್ 16, ಭಾನುವಾರ

ಸಮಾರೋಪ. ಹಾಸ್ಯ ವಿಭಾಗದ ಬಹುಮಾನ ಛತ್ರಿ ರಿಪೇರಿಯವನಿಗೆ ಹೋಯಿತು. ಹೋಗಲಿ, ಒಳ್ಳೆಯ ಸಿನಿಮಾ. ಆದರೆ ಊರಾಚೆಯ ಹಳೆಯ ಚಿತ್ರಮಂದಿರವೊಂದರ ಮಾಲೀಕರು 'ಅಜ್ಜ ಮಲಗಿದ್ದಾರೆ'ಯನ್ನು ಎರಡು ವಾರ ಹಾಕಲು ಒಪ್ಪಿದ್ದಾರೆ. ಸೋಮವಾರದ ವಿಮರ್ಶೆ ಓದಿ ಅವರು ಬೇಡವೆಂದು ಬಿಟ್ಟಿದ್ದರಂತೆ. ಇದನ್ನು ನಿರ್ದೇಶಕಿಯೇ ಹೇಳಿದಳು.

"ಕಿಟಕಿ ಕಡೆ ತಿರುಗಿ ಅವತ್ತು ಏನು ಕೇಳಿದ್ರಿ?" ಎಂದೆ.

"ಮೊದಲನೇ ಸಲ, ಚಹಾ ಹೇಗಿದೆ ಅಂತ. ಎರಡನೇ ಸಲ, ನಿಮ್ಮ ಹೆಸರೇನು ಅಂತ. ಮೂರನೇ ಸಲ ಕೇಳಿದ್ದು ಬೈಗುಳ ಸರ್, ಅದನ್ನ ಈಗ ಹೇಳಲ್ಲ."

ಇಬ್ಬರೂ ನಕ್ಕೆವು. ಅತ್ತೆಗೆ ಅದೇನೆಂದು ಗೊತ್ತು. ಅವರೂ ಹೇಳುತ್ತಿಲ್ಲ.

ನವೆಂಬರ್ 19, ಬುಧವಾರ

ಅತ್ತೆಯವರ ಮನೆಯ ಪೈಪಿನ ಕೆಲಸ ಮುಗಿದಿದೆ. "ಇನ್ನೊಂದು ವಾರ ಇರಿ, ಹೊಸ ಸಿನಿಮಾ ಎರಡಿವೆ" ಎಂದೆ. ಯೋಚಿಸಿದಂತೆ ಮಾಡಿ ಒಪ್ಪಿದರು.

ಬೆಳಿಗ್ಗೆ ನಾನು ಹೊರಗಿನ ಕೋಣೆಯಲ್ಲಿ ಬರೆಯುತ್ತ ಕೂತಿದ್ದೆ. ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ಬಿಟ್ಟುಕೊಂಡು ತಂಗಿಯ ಜೊತೆ ಫೋನಿನಲ್ಲಿದ್ದಳು.

"ಇಲ್ಲ ಕಣೇ, ಈಗ ಹುಷಾರಾಗಿರಬೇಕು. ಎಲ್ಲಾ ಕೇಳಿಸುತ್ತೆ ಅವರಿಗೆ. ಮೂರು ವರ್ಷ ಮನಸ್ಸಿಗೆ ಬಂದದ್ದನ್ನ ಬೆನ್ನ ಹಿಂದೆ ಬೈಕೊಂಡು ಆರಾಮಾಗಿದ್ದೆ." ಆ ಕಡೆಯಿಂದ ತಂಗಿ ಏನೋ ಕೇಳಿರಬೇಕು. ನಲ್ಲಿ ನಿಂತಿತು. ಹೆಂಡತಿಯ ಧ್ವನಿ ತಗ್ಗಿತು. "ಹೂಂ... ಇಷ್ಟು ದಿನ ಒಬ್ಬಳೇ ಮಾತಾಡಿಕೊಂಡಿದ್ದ ಹಾಗಿತ್ತು ಕಣೇ. ಈಗ ಮನೆಗೆ ಜನ ಬಂದ ಹಾಗಿದೆ."

ಪೆನ್ನು ಕೆಳಗಿಟ್ಟೆ. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಗಡಿಬಿಡಿಯಲ್ಲಿ ಫೋನ್ ಇಟ್ಟು ಪಾತ್ರೆ ಒರೆಸಲು ಶುರುಮಾಡಿದಳು.

"ಕೊನೆಗೆ ಹೇಳಿದೆಯಲ್ಲ, ಅದನ್ನ ಇನ್ನೊಂದು ಸಲ ಹೇಳು" ಎಂದೆ.

"ಯಾಕೆ, ಕೇಳಿಸಲಿಲ್ಲವಾ?"

"ಕೇಳಿಸಿತು. ಅದಕ್ಕೇ."